ಬಾಗಿಲ ಗುಮಾಸ್ತ

ತಾಲ್ಲೂಕು ಕಚೇರಿಗೆ ಅರ್ಜಿ ಹಿಡಿದು ಹೋದ ರೈತನಿಗೆ ಒಳಗಿನ ವಿಭಾಗಗಳ ಪರಿಚಯವಿರಬೇಕಾಗಿಲ್ಲ. ಅವನು ಅರ್ಜಿಯನ್ನು ಟಪಾಲು ಗುಮಾಸ್ತನ ಕೈಗೆ ಕೊಡುತ್ತಾನೆ. ಗುಮಾಸ್ತನು ಅದನ್ನು ನೋಡಿ, ಜಮೀನಿನ ವಿಷಯವಾದರೆ ಒಂದು ಮೇಜಿಗೆ, ಪಿಂಚಣಿಯ ವಿಷಯವಾದರೆ ಇನ್ನೊಂದು ಮೇಜಿಗೆ ಕಳುಹಿಸುತ್ತಾನೆ. ಉತ್ತರವೂ ಅವನ ಕೈಯಿಂದಲೇ ಹೊರಬರುತ್ತದೆ. ಗಣಕಯಂತ್ರಗಳ ಲೋಕದಲ್ಲಿ ಈ ಕೆಲಸ ಮಾಡುವ ತಂತ್ರಾಂಶಕ್ಕೆ ರಿವರ್ಸ್ ಪ್ರಾಕ್ಸಿ ಎಂದು ಹೆಸರು. ಪ್ರಾಕ್ಸಿ ಎಂದರೆ ಪ್ರತಿನಿಧಿ. ಸಾಮಾನ್ಯ ಪ್ರಾಕ್ಸಿಯು ಕೇಳುವವರ ಪರವಾಗಿ ಹೊರಗೆ ಹೋಗುತ್ತದೆ. ಇದು ಕೊಡುವವರ ಪರವಾಗಿ ಬಾಗಿಲಲ್ಲಿ ನಿಲ್ಲುತ್ತದೆ. ಅದಕ್ಕೇ 'ರಿವರ್ಸ್', ಅಂದರೆ ತಿರುವುಮುರುವು.

ಇಂತಹ ತಂತ್ರಾಂಶಗಳಲ್ಲಿ ಎಂಜಿನ್‌ಎಕ್ಸ್ ಪ್ರಸಿದ್ಧವಾದುದು. ರಷ್ಯಾದ ಇಗೊರ್ ಸಿಸೊಯೆವ್ ಎಂಬವರು ಇದನ್ನು 2002ರಲ್ಲಿ ಬರೆಯತೊಡಗಿ 2004ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಒಂದೇ ಯಂತ್ರವು ಏಕಕಾಲದಲ್ಲಿ ಹತ್ತು ಸಾವಿರ ಮಂದಿಯ ಕೋರಿಕೆಗೆ ಓಗೊಡಬೇಕೆಂಬುದು ಆ ಕಾಲದ ಸವಾಲಾಗಿತ್ತು. ಆದರೆ ಚಿಕ್ಕ ಶಾಲೆಯ ಹಳೆಯ ಗಣಕದಲ್ಲಿಯೂ ಅದು ಸಂಕೋಚವಿಲ್ಲದೆ ದುಡಿಯುತ್ತದೆ.

ಗುಬ್ಬಿ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ನಾನು ನಿವೃತ್ತನಾದ ಮೇಲೂ ತುಮಕೂರಿನಿಂದ ಹೋಗಿಬರುತ್ತಿದ್ದೆ. ಅಲ್ಲಿನ ಗಣಕದಲ್ಲಿ ಉಬುಂಟು ಕಾರ್ಯಾಚರಣೆ ವ್ಯವಸ್ಥೆಯಿತ್ತು. ಗ್ರಂಥಾಲಯದ ಪಟ್ಟಿಗೆ 8080, ಪಾಠಗಳ ಸಂಗ್ರಹಕ್ಕೆ 5000 ಎಂಬ ಪೋರ್ಟ್ ಸಂಖ್ಯೆಗಳು. ಪೋರ್ಟ್ ಎಂದರೆ ಯಂತ್ರದೊಳಕ್ಕೆ ಹೋಗುವ ಬಾಗಿಲಿನ ಸಂಖ್ಯೆ. ಮಕ್ಕಳು ಒಂದನ್ನು ಒತ್ತಲು ಹೋಗಿ ಇನ್ನೊಂದನ್ನು ಒತ್ತುತ್ತಿದ್ದರು. ಹಳೆಯ ವಿದ್ಯಾರ್ಥಿಯೊಬ್ಬ ಬಂದು 'ಸುಡೊ ಆಪ್ಟ್ ಇನ್‌ಸ್ಟಾಲ್ ಎಂಜಿನ್‌ಎಕ್ಸ್' ಎಂಬ ಒಂದೇ ಸಾಲಿನ ಆಜ್ಞೆಯಿಂದ ಗುಮಾಸ್ತನನ್ನು ನೇಮಿಸಿದ. 80 ಎಂಬ ಹೆಬ್ಬಾಗಿಲಿಗೆ ಬಂದವರಲ್ಲಿ 'ಪುಸ್ತಕ' ಎಂದವರನ್ನು 8080ಕ್ಕೂ 'ಪಾಠ' ಎಂದವರನ್ನು 5000ಕ್ಕೂ ಕಳುಹಿಸಬೇಕೆಂದು ಸಂರಚನಾ ಕಡತದಲ್ಲಿ ಬರೆದ. ಸಾಲಿನ ಕೊನೆಯ ಅರ್ಧವಿರಾಮ ಚಿಹ್ನೆಯೊಂದು ಬಿಟ್ಟುಹೋಗಿ ಗುಮಾಸ್ತ ಮೊದಲು ಮುಷ್ಕರ ಹೂಡಿದನೆನ್ನಿ! ತಪ್ಪು ಎಷ್ಟನೆಯ ಸಾಲಿನಲ್ಲಿದೆ ಎಂಬುದನ್ನು ಪರೀಕ್ಷಾ ಆಜ್ಞೆಯೇ ತಿಳಿಸಿತು.

ಮರುವರ್ಷ ಇನ್ನೊಬ್ಬ ತರುಣನು ಹಳೆಯದನ್ನು ತೆಗೆದು ಹೊಸದನ್ನು ಹಾಕಲು ಹೊರಟ. ಉಬುಂಟುವಿನಲ್ಲಿ ತೆಗೆಯಲು ಎರಡು ಮಾರ್ಗಗಳುಂಟು. 'ರಿಮೂವ್' ಎಂದರೆ ತಂತ್ರಾಂಶ ಹೋಗುತ್ತದೆ, ಸಂರಚನಾ ಕಡತ ಉಳಿಯುತ್ತದೆ. ನಾಟಕ ಕಂಪನಿ ಡೇರೆ ಎತ್ತಿದ ಮೇಲೂ ಗೂಟಗಳು ನೆಲದಲ್ಲಿ ಉಳಿಯುವಂತೆ. 'ಪರ್ಜ್' ಎಂದರೆ ಗೂಟಗಳೂ ಕಿತ್ತುಹೋಗುತ್ತವೆ. ಅವನು ಎಂಜಿನ್‌ಎಕ್ಸ್‌ಗೆ ಸೇರಿದ ಎಲ್ಲವನ್ನೂ ಪರ್ಜ್ ಮಾಡಿ ಮತ್ತೆ ಸ್ಥಾಪಿಸಿದ. ತೆರೆಯ ಮೇಲೆ ಬರಿಯ ಸ್ವಾಗತ ಪುಟ! ಎರಡು ಬೇಸಿಗೆ ಕುಳಿತು ಮಕ್ಕಳು ಬೆರಳಚ್ಚು ಮಾಡಿದ್ದ ಪುಸ್ತಕಗಳ ಪಟ್ಟಿ ಕಾಣಲಿಲ್ಲ. ಒಬ್ಬ ಹುಡುಗಿ ಅತ್ತೇಬಿಟ್ಟಳು. ಡಿಸ್ಕನ್ನೆಲ್ಲ ಅಳಿಸಿ ಮೊದಲಿನಿಂದ ಆರಂಭಿಸೋಣವೆಂದು ಯಾರೋ ಸಲಹೆಯಿತ್ತರು. ಹಾಗೆ ಮಾಡಿದ್ದರೆ ಪಟ್ಟಿ ನಿಜವಾಗಿಯೂ ಅಳಿದುಹೋಗುತ್ತಿತ್ತು. ನಾನು ಹಳೆಯ ವಿದ್ಯಾರ್ಥಿಗೆ ದೂರವಾಣಿ ಮಾಡಿದೆ. "ಮೇಷ್ಟ್ರೇ, 8080 ಒತ್ತಿ ನೋಡಿ" ಎಂದ. ಒತ್ತಿದೆವು, ಪಟ್ಟಿ ಇದ್ದಂತೆಯೇ ಇತ್ತು. ಬಾಗಿಲಲ್ಲಿದ್ದವನು ದಾರಿಯನ್ನು ಮಾತ್ರ ಬಲ್ಲವನು. ಪುಸ್ತಕದ ಹೆಸರೊಂದೂ ಅವನ ಬಳಿ ಇರಲಿಲ್ಲ. ಕಳೆದದ್ದು ಅವನ ಟಿಪ್ಪಣಿ ಮಾತ್ರ. ಅದನ್ನು ಮತ್ತೆ ಬರೆದು, ಅತ್ತ ಹುಡುಗಿಯ ಕೈಯಿಂದಲೇ ಒಂದು ಪ್ರತಿಯನ್ನು ಕಾಗದದ ಮೇಲೆ ಬರೆಸಿದೆ.

ವಿಂಡೋಸ್ ಬಳಸುವವರ ರೀತಿ ಬೇರೆ. ಕುಣಿಗಲಿನಲ್ಲಿರುವ ನನ್ನ ಸೋದರಳಿಯ ಎಂಜಿನ್‌ಎಕ್ಸ್‌ನ ಜಿಪ್ ಕಡತವನ್ನು ಇಳಿಸಿ ಬಿಚ್ಚಿದ. ಅಷ್ಟಕ್ಕೇ ಸ್ಥಾಪನೆ ಮುಗಿಯಿತು. ಬೇಡವೆನಿಸಿದಾಗ ಆ ಫೋಲ್ಡರನ್ನು ಅಳಿಸಹೋದರೆ ಯಂತ್ರ ಒಪ್ಪಲಿಲ್ಲ. ತಂತ್ರಾಂಶ ಇನ್ನೂ ಓಡುತ್ತಿತ್ತು. ನಿಲ್ಲಿಸುವ ಆಜ್ಞೆ ಕೊಟ್ಟ ಮೇಲೂ ಹಟ ಬಿಡಲಿಲ್ಲ. ಟಾಸ್ಕ್ ಮ್ಯಾನೇಜರನ್ನು ತೆರೆದಾಗ ಕಾರಣ ತಿಳಿಯಿತು: ಅವನು ಅದನ್ನು ಎರಡು ಸಲ ಚಾಲೂ ಮಾಡಿದ್ದ, ಆಜ್ಞೆ ತಲುಪಿದ್ದು ಒಂದಕ್ಕೆ ಮಾತ್ರ. ಉಳಿದುದನ್ನು ಅಲ್ಲಿಯೇ ಕೊನೆಗೊಳಿಸಿದೆವು. ಸಂರಚನಾ ಕಡತವೂ ಆ ಫೋಲ್ಡರಿನೊಳಗೇ ಇದ್ದುದರಿಂದ ಅದನ್ನು ಮೊದಲು ಪೆನ್‌ಡ್ರೈವಿಗೆ ಇಳಿಸಿ, ಅನಂತರ ಫೋಲ್ಡರನ್ನು ಅಳಿಸಿದ.