ಹೃದಯದ ಕೋಶ ಮಿಡಿಯುವ ಬಗೆ

ಹೃದಯದ ಗೋಡೆಯನ್ನು ಕಟ್ಟಿರುವ ಸ್ನಾಯುಕೋಶ ಸುಮಾರು 100 ಮೈಕ್ರೋಮೀಟರ್ ಉದ್ದ, 20 ಮೈಕ್ರೋಮೀಟರ್ ಅಗಲ ಇರುತ್ತದೆ. ಇಂಥ ಹತ್ತು ಕೋಶಗಳನ್ನು ಉದ್ದಕ್ಕೆ ಜೋಡಿಸಿದರೆ ಒಂದು ಮಿಲಿಮೀಟರ್ ಆದೀತು. ಕೈಕಾಲುಗಳ ಸ್ನಾಯುವಿನಲ್ಲಿ ಒಂದೊಂದು ಕೋಶವೂ ಸೆಂಟಿಮೀಟರುಗಟ್ಟಲೆ ಚಾಚಿಕೊಂಡಿರುತ್ತದೆ. ಹೃದಯದ ಕೋಶ ಗಿಡ್ಡ. ತುದಿಗಳಲ್ಲಿ ಕವಲೊಡೆದು ಅಕ್ಕಪಕ್ಕದ ಕೋಶಗಳಿಗೆ ಅಂಟಿಕೊಂಡಿರುತ್ತದೆ. ಈ ಅಂಟಿನ ಜಾಗದಲ್ಲಿ ಎರಡು ಬಗೆಯ ಏರ್ಪಾಡುಗಳಿವೆ. ಒಂದು, ಎಷ್ಟೇ ಜಗ್ಗಿದರೂ ಕೋಶಗಳು ಬೇರ್ಪಡದಂತೆ ಹಿಡಿದಿಡುವ ಪ್ರೋಟೀನುಗಳ ಬಿಗಿತ. ಇನ್ನೊಂದು, ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಅಯಾನುಗಳು ನೇರವಾಗಿ ಹರಿಯಲು ಬಿಡುವ ಸಣ್ಣ ಕಿಂಡಿಗಳು. ವಿದ್ಯುತ್ ಸಂಕೇತ ಈ ಕಿಂಡಿಗಳ ಮೂಲಕವೇ ದಾಟುತ್ತದೆ. ಕೋಟ್ಯಂತರ ಕೋಶಗಳಿದ್ದರೂ ಹೃದಯ ಒಂದೇ ಅಂಗವಾಗಿ ಮಿಡಿಯುವುದು ಇದರಿಂದ.

ಕೋಶದ ಒಳಗೆ ಉದ್ದಕ್ಕೂ ಎಳೆಗಳ ಕಟ್ಟುಗಳು ತುಂಬಿವೆ. ಸೂಕ್ಷ್ಮದರ್ಶಕದಲ್ಲಿ ಇವು ಕಪ್ಪು ಬಿಳುಪಿನ ಅಡ್ಡಪಟ್ಟೆಗಳಾಗಿ ಕಾಣುತ್ತವೆ. ಈ ಪಟ್ಟೆಗಳ ಒಂದು ಪೂರ್ತಿ ಕಂತಿಗೆ ಸಾರ್ಕೋಮಿಯರ್ ಎಂದು ಹೆಸರು. ಉದ್ದ ಸುಮಾರು 2 ಮೈಕ್ರೋಮೀಟರ್. ಸಂಕೋಚನದ ಮೂಲ ಘಟಕ ಇದೇ. ಅದರ ಎರಡು ಅಂಚುಗಳಿಗೆ ಆಕ್ಟಿನ್ ಎಂಬ ಪ್ರೋಟೀನಿನ ತೆಳು ತಂತುಗಳು ನಾಟಿಕೊಂಡು ನಡುವಿನ ಕಡೆಗೆ ಚಾಚಿರುತ್ತವೆ. ನಡುವೆ ಮಯೋಸಿನ್ ಪ್ರೋಟೀನಿನ ದಪ್ಪ ತಂತುಗಳಿವೆ. 1.6 ಮೈಕ್ರೋಮೀಟರ್ ಉದ್ದದ ಒಂದು ದಪ್ಪ ತಂತುವಿನಲ್ಲಿ ಸುಮಾರು 300 ಮಯೋಸಿನ್ ಅಣುಗಳು. ಪ್ರತಿ ಅಣುವಿಗೂ ಹೊರಕ್ಕೆ ಚಾಚಿದ ಎರಡು ತಲೆಗಳು. ಈ ಎರಡು ಬಗೆಯ ತಂತುಗಳ ಜೊತೆಗೆ ಟೈಟಿನ್ ಎಂಬ ದೈತ್ಯ ಅಣುವೂ ಇದೆ. ಮನುಷ್ಯನ ದೇಹದಲ್ಲಿ ಇದಕ್ಕಿಂತ ದೊಡ್ಡ ಪ್ರೋಟೀನ್ ಇಲ್ಲ. ಹಿಗ್ಗಿದ ಸಾರ್ಕೋಮಿಯರನ್ನು ಮೊದಲಿನ ಅಳತೆಗೆ ತರುವುದು, ಮಯೋಸಿನ್ ತಂತುವನ್ನು ನಟ್ಟನಡುವೆ ನಿಲ್ಲಿಸುವುದು ಅದರ ಕೆಲಸ.

ಸ್ನಾಯು ಕುಗ್ಗಿದಾಗ ಈ ತಂತುಗಳೇ ಮಡಿಚಿಕೊಂಡು ಗಿಡ್ಡವಾಗುತ್ತವೆ ಎಂದು ಬಹುಕಾಲ ಭಾವಿಸಲಾಗಿತ್ತು. 1954ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದ ಎರಡು ಲೇಖನಗಳು ಈ ನಂಬಿಕೆಯನ್ನು ಅಳಿಸಿದವು. ಒಂದನ್ನು ಬರೆದವರು ಆಂಡ್ರೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್ಗರ್ಕೆ, ಇನ್ನೊಂದನ್ನು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್. ಇಬ್ಬರು ಹಕ್ಸ್‌ಲಿಗಳಿಗೂ ನೆಂಟಸ್ತಿಕೆಯಿಲ್ಲ. ಒಬ್ಬರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದರೆ ಇನ್ನೊಬ್ಬರು ಆಗ ಅಮೆರಿಕದ ಕೇಂಬ್ರಿಜ್‌ನಲ್ಲಿದ್ದರು. ಕಪ್ಪೆ ಮತ್ತು ಮೊಲದ ಸ್ನಾಯುಗಳನ್ನು ನೋಡಿ ಅವರು ಕಂಡುಕೊಂಡದ್ದು ಒಂದೇ ಸಂಗತಿ: ಯಾವ ತಂತುವೂ ಗಿಡ್ಡವಾಗುವುದಿಲ್ಲ, ತೆಳು ತಂತುಗಳು ದಪ್ಪ ತಂತುಗಳ ನಡುವೆ ಜಾರುತ್ತವೆ. ಅಂಚುಗಳು ಹತ್ತಿರ ಬಂದು ಸಾರ್ಕೋಮಿಯರ್ ಕಿರಿದಾಗುತ್ತದೆ. ಹೃದಯದಲ್ಲಿ ನಡೆಯುವುದೂ ಇದೇ. ಒಂದು ಬಡಿತದಲ್ಲಿ ಕೋಶ ಕಿರಿದಾಗುವುದು ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರ.

ಜಾರಿಸುವ ಕೆಲಸ ಮಯೋಸಿನ್ ತಲೆಗಳದು. ಬಾವಿಯಿಂದ ನೀರು ಸೇದುವವರು ಹಗ್ಗವನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಮುಂದಕ್ಕೆ ಕೈ ಹಾಕುತ್ತಾರಲ್ಲ, ತಲೆಗಳ ಕ್ರಮವೂ ಹಾಗೆಯೇ. ತಲೆ ಆಕ್ಟಿನ್‌ಗೆ ಅಂಟುತ್ತದೆ, ಬಾಗುತ್ತದೆ, ತೆಳು ತಂತುವನ್ನು 5ರಿಂದ 10 ನ್ಯಾನೋಮೀಟರಿನಷ್ಟು ಎಳೆಯುತ್ತದೆ. ಆಮೇಲೆ ಶಕ್ತಿಯ ಅಣುವಾದ ಎಟಿಪಿ ಬಂದು ತಲೆಗೆ ಸೇರಿದಾಗ ಹಿಡಿತ ಬಿಡುತ್ತದೆ. ಆ ಎಟಿಪಿ ಒಡೆದು ಬಂದ ಶಕ್ತಿಯಿಂದ ತಲೆ ಮತ್ತೆ ಸೆಟೆದು ಮುಂದಿನ ಹಿಡಿತಕ್ಕೆ ಸಿದ್ಧವಾಗುತ್ತದೆ. ಎಲ್ಲ ತಲೆಗಳೂ ಒಟ್ಟಿಗೆ ಹಿಡಿದು ಒಟ್ಟಿಗೆ ಬಿಡುವುದಿಲ್ಲ. ಕೆಲವು ಬಿಟ್ಟಾಗ ಬೇರೆ ಕೆಲವು ಹಿಡಿದಿರುವುದರಿಂದ ತಂತು ಹಿಂದಕ್ಕೆ ಜಾರದು. ಇಲ್ಲಿ ಓದುಗರು ಗಮನಿಸಬೇಕಾದ ಮಾತೊಂದಿದೆ. ಎಟಿಪಿ ಇಲ್ಲದಿದ್ದರೆ ತಲೆ ಬಿಡಲಾರದು. ಸತ್ತ ಮೇಲೆ ದೇಹ ಸೆಟೆದುಕೊಳ್ಳುವುದು ಇದೇ ಕಾರಣಕ್ಕೆ. ಶಕ್ತಿ ಬೇಕಿರುವುದು ಎಳೆಯಲಿಕ್ಕೆ, ಸಡಿಲಲು ಏನೂ ಬೇಡ ಎಂಬ ಸಾಮಾನ್ಯ ತಿಳಿವಳಿಕೆ ತಪ್ಪು.

ತಲೆಗಳು ಯಾವಾಗ ಹಿಡಿಯಬೇಕೆಂದು ತೀರ್ಮಾನಿಸುವುದು ಕ್ಯಾಲ್ಸಿಯಂ. ಇದು ಮೊದಲು ಗೊತ್ತಾದದ್ದು ಆಕಸ್ಮಿಕವಾಗಿ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿಟ್ಟು ಬಡಿಯುವಂತೆ ಮಾಡಿ 1882ರಲ್ಲಿ ಪ್ರಕಟಿಸಿದ. ದ್ರಾವಣವನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಮಾಡಿದ್ದೇನೆಂದು ಅವನು ತಿಳಿದಿದ್ದ. ವಾಸ್ತವವಾಗಿ ಬಳಕೆಯಾಗಿದ್ದದ್ದು ನಲ್ಲಿಯ ನೀರು. ಶುದ್ಧ ನೀರಿನಲ್ಲಿ ಮಾಡಿದಾಗ ಹೃದಯ ನಿಂತುಹೋಯಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಮ್ಮೇ ಅದನ್ನು ನಡೆಸುತ್ತಿತ್ತು ಎಂದು ಅವನು 1883ರಲ್ಲಿ ತೋರಿಸಿಕೊಟ್ಟ. ಕ್ಯಾಲ್ಸಿಯಂ ಹೋಗಿ ಕೂರುವ ಜಾಗ ತಿಳಿಯಲು ಇನ್ನೂ ಎಂಟು ದಶಕಗಳು ಬೇಕಾದವು. 1960ರ ದಶಕದಲ್ಲಿ ಜಪಾನಿನ ಸೆತ್ಸುರೋ ಎಬಾಶಿ ಟ್ರೋಪೋನಿನ್ ಪ್ರೋಟೀನನ್ನು ಗುರುತಿಸಿದರು. ವಿಶ್ರಾಂತಿಯ ಹೊತ್ತಿನಲ್ಲಿ ಆಕ್ಟಿನ್ ತಂತುವಿನ ಮೇಲೆ ಟ್ರೋಪೋಮಯೋಸಿನ್ ಎಂಬ ಉದ್ದನೆಯ ಅಣು ಮಲಗಿ, ಮಯೋಸಿನ್ ಹಿಡಿಯಬೇಕಾದ ಜಾಗಗಳನ್ನು ಮುಚ್ಚಿರುತ್ತದೆ. ಕ್ಯಾಲ್ಸಿಯಂ ಬಂದು ಟ್ರೋಪೋನಿನ್‌ಗೆ ಸೇರಿದರೆ ಟ್ರೋಪೋಮಯೋಸಿನ್ ಪಕ್ಕಕ್ಕೆ ಸರಿಯುತ್ತದೆ, ಹಿಡಿಯುವ ಜಾಗ ತೆರೆದುಕೊಳ್ಳುತ್ತದೆ.

ಈ ಕ್ಯಾಲ್ಸಿಯಂ ಬರುವುದು ಎರಡು ಹಂತದಲ್ಲಿ. ವಿಶ್ರಾಂತಿಯಲ್ಲಿ ಕೋಶದ ಹೊರಗೆ ಕ್ಯಾಲ್ಸಿಯಂ ಒಳಗಿರುವುದರ ಸುಮಾರು 10,000 ಪಟ್ಟು ಇರುತ್ತದೆ. ವಿದ್ಯುತ್ ಸಂಕೇತ ಬಂದೊಡನೆ ಕೋಶದ ಪೊರೆಯ ಬಾಗಿಲುಗಳು ತೆರೆದು ಸ್ವಲ್ಪ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅಷ್ಟೇ ಆದರೆ ಬಡಿತಕ್ಕೆ ಸಾಲದು. ಕೋಶದೊಳಗೆ ಸಾರ್ಕೋಪ್ಲಾಸ್ಮಿಕ್ ಜಾಲ ಎಂಬ ಕ್ಯಾಲ್ಸಿಯಂ ಉಗ್ರಾಣವಿದೆ. ಒಳಬಂದ ಅಯಾನುಗಳು ಅದರ ಮೇಲಿನ ರಯನೋಡಿನ್ ಗ್ರಾಹಕಗಳೆಂಬ ಬಾಗಿಲುಗಳನ್ನು ತೆರೆಯುತ್ತವೆ. ಆಗ ಉಗ್ರಾಣದಿಂದ ದೊಡ್ಡ ಪ್ರಮಾಣದಲ್ಲಿ ಕ್ಯಾಲ್ಸಿಯಂ ಹೊರಬಿದ್ದು ಕೋಶದೊಳಗಿನ ಮಟ್ಟ ಹತ್ತು ಪಟ್ಟಿನಷ್ಟು ಏರುತ್ತದೆ. ಕೈಕಾಲಿನ ಸ್ನಾಯುವಿಗೆ ಹೊರಗಿನ ಕ್ಯಾಲ್ಸಿಯಂ ಈ ಕೆಲಸಕ್ಕೆ ಬೇಕಿಲ್ಲ, ಅದರಲ್ಲಿ ಪೊರೆಯ ಪ್ರೋಟೀನೇ ಉಗ್ರಾಣದ ಬಾಗಿಲನ್ನು ನೇರವಾಗಿ ಎಳೆದು ತೆರೆಯುತ್ತದೆ. ರಿಂಗರನ ಕಪ್ಪೆಯ ಹೃದಯ ನಿಂತುಹೋದದ್ದಕ್ಕೆ ವಿವರಣೆ ಈ ವ್ಯತ್ಯಾಸದಲ್ಲಿದೆ.

ಇನ್ನು ಸಡಿಲಿಕೆ. ಹೃದಯದ ಬಗ್ಗೆ ಬರೆಯುವವರು ಈ ಭಾಗವನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುವುದುಂಟು, ಅದು ಸರಿಯಲ್ಲ. ಹೃದಯ ರಕ್ತದಿಂದ ತುಂಬುವುದು ಸಡಿಲಿದಾಗ. ಹೃದಯದ ಸ್ವಂತ ಗೋಡೆಗೆ, ಅದರಲ್ಲೂ ಎಡ ಹೃತ್ಕುಕ್ಷಿಯ ಗೋಡೆಗೆ, ರಕ್ತ ಹೆಚ್ಚಾಗಿ ಹರಿಯುವುದೂ ಆಗಲೇ. ಬಂದ ಕ್ಯಾಲ್ಸಿಯಮ್ಮನ್ನೆಲ್ಲ ಕ್ಷಣಾರ್ಧದಲ್ಲಿ ಖಾಲಿ ಮಾಡದಿದ್ದರೆ ಇದಾವುದೂ ನಡೆಯದು. ಹೆಚ್ಚಿನ ಪಾಲನ್ನು ಉಗ್ರಾಣದ ಪಂಪುಗಳು ಮರಳಿ ಒಳಕ್ಕೆ ಎಳೆದುಕೊಳ್ಳುತ್ತವೆ. ಎರಡು ಕ್ಯಾಲ್ಸಿಯಂ ಅಯಾನುಗಳಿಗೆ ಒಂದು ಎಟಿಪಿ ಖರ್ಚು. ಉಳಿದದ್ದು ಪೊರೆಯ ವಿನಿಮಯ ಪ್ರೋಟೀನಿನ ಮೂಲಕ ಆಚೆ ಹೋಗುತ್ತದೆ. ಅದು ಮೂರು ಸೋಡಿಯಂ ಅಯಾನುಗಳನ್ನು ಒಳಕ್ಕೆ ಬಿಟ್ಟು ಒಂದು ಕ್ಯಾಲ್ಸಿಯಮ್ಮನ್ನು ಹೊರಹಾಕುತ್ತದೆ. ಓಡುವಾಗ, ಹೆದರಿದಾಗ ಅಡ್ರಿನಲಿನ್ ಹೃದಯವನ್ನು ಜೋರಾಗಿ ಬಡಿಸುವುದು ಎಲ್ಲರಿಗೂ ಗೊತ್ತು. ಅದೇ ಅಡ್ರಿನಲಿನ್ ಈ ಪಂಪುಗಳ ಮೇಲಿನ ತಡೆಯನ್ನು ತೆಗೆದು ಸಡಿಲಿಕೆಯನ್ನೂ ಚುರುಕುಗೊಳಿಸುತ್ತದೆ. ಹಾಗಲ್ಲದೆ ನಿಮಿಷಕ್ಕೆ 150 ಬಡಿತದಲ್ಲಿ ಹೃದಯಕ್ಕೆ ತುಂಬಿಕೊಳ್ಳಲು ವೇಳೆಯೇ ಸಿಗದು.

ಸಡಿಲಿಕೆಗೆ ಇನ್ನೊಂದು ರಕ್ಷಣೆಯೂ ಇದೆ. ಕೈಕಾಲಿನ ಸ್ನಾಯುವಿನಲ್ಲಿ ವಿದ್ಯುತ್ ಸಂಕೇತ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ, ಬೇಗ ಬೇಗ ಸಂಕೇತ ಕೊಟ್ಟರೆ ಸ್ನಾಯು ಬಿಗಿದೇ ನಿಲ್ಲುತ್ತದೆ. ಹೃತ್ಕುಕ್ಷಿಯ ಕೋಶದಲ್ಲಿ ಸಂಕೇತ 200ರಿಂದ 300 ಮಿಲಿಸೆಕೆಂಡು ಉಳಿಯುತ್ತದೆ. ಹೆಚ್ಚುಕಡಿಮೆ ಆ ಅವಧಿಯುದ್ದಕ್ಕೂ ಕೋಶ ಇನ್ನೊಂದು ಸಂಕೇತಕ್ಕೆ ಓಗೊಡುವುದಿಲ್ಲ. ಆದ್ದರಿಂದ ಹೃದಯ ಬಿಗಿದು ನಿಲ್ಲುವಂತಿಲ್ಲ.

ಭಾರ ಹೆಚ್ಚಾದಾಗ ತೋಳಿನ ಸ್ನಾಯು ಹೆಚ್ಚು ಎಳೆಗಳನ್ನು ಕೆಲಸಕ್ಕೆ ಕರೆಯುತ್ತದೆ. ಹೃದಯಕ್ಕೆ ಈ ದಾರಿಯಿಲ್ಲ. ಪ್ರತಿ ಬಡಿತದಲ್ಲೂ ಎಲ್ಲ ಕೋಶಗಳೂ ದುಡಿಯುತ್ತಿರುತ್ತವೆ, ಕಾದು ಕುಳಿತವರು ಯಾರೂ ಇಲ್ಲ. ಹೀಗಾಗಿ ಬಲ ಹೆಚ್ಚಬೇಕಾದರೆ ಕೋಶ ತನ್ನೊಳಗೇ ದಾರಿ ಹುಡುಕಬೇಕು. ಒಂದು ದಾರಿ ಹಿಗ್ಗುವುದು: ಹೆಚ್ಚು ರಕ್ತ ತುಂಬಿ ಸಾರ್ಕೋಮಿಯರುಗಳು ಹಿಗ್ಗಿದಷ್ಟೂ, ಒಂದು ಮಿತಿಯವರೆಗೆ, ಅವು ಕ್ಯಾಲ್ಸಿಯಮ್ಮಿಗೆ ಹೆಚ್ಚು ಸ್ಪಂದಿಸಿ ಬಲವಾಗಿ ಎಳೆಯುತ್ತವೆ. ಜರ್ಮನಿಯ ಆಟೊ ಫ್ರಾಂಕ್ ಮತ್ತು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಅವರ ಹೆಸರಿನಲ್ಲಿ ಈ ನಿಯಮವನ್ನು ಕರೆಯುತ್ತಾರೆ. ಇನ್ನೊಂದು ದಾರಿ ಕ್ಯಾಲ್ಸಿಯಂ ಪ್ರಮಾಣವನ್ನೇ ಏರಿಸುವುದು. ವಿಲಿಯಂ ವಿದರಿಂಗ್ 1785ರಲ್ಲಿ ವಿವರಿಸಿದ ಡಿಜಿಟಾಲಿಸ್ ಔಷಧ ಮಾಡುವುದು ಇದನ್ನೇ. ಅದು ಕೋಶದಿಂದ ಸೋಡಿಯಮ್ಮನ್ನು ಹೊರಹಾಕುವ ಪಂಪನ್ನು ತಡೆಯುತ್ತದೆ. ಒಳಗೆ ಸೋಡಿಯಂ ಹೆಚ್ಚುತ್ತದೆ. ವಿನಿಮಯ ಪ್ರೋಟೀನಿನ ಕೆಲಸ ನಿಧಾನಗೊಂಡು ಕ್ಯಾಲ್ಸಿಯಂ ಒಳಗೇ ಉಳಿಯುತ್ತದೆ. ನಮ್ಮ ಹಿತ್ತಲುಗಳಲ್ಲಿ ಹೂಬಿಡುವ ಕಣಗಿಲೆಯ ವಿಷವೂ ಇದೇ ಬಗೆಯದು. ಹದ ಮೀರಿದ ಕ್ಯಾಲ್ಸಿಯಂ ಬಡಿತದ ಲಯವನ್ನು ಕೆಡಿಸಿ ಕೊಲ್ಲಬಲ್ಲದು.

ಎಳೆತ ಮತ್ತು ಪಂಪು ಎರಡಕ್ಕೂ ಎಟಿಪಿ ಬೇಕು. ಹೃದಯದಲ್ಲಿ ಅದರ ಸಂಗ್ರಹ ಕೆಲವೇ ಸೆಕೆಂಡುಗಳಿಗೆ ಸಾಕಾಗುವಷ್ಟಿದೆ. ಆದ್ದರಿಂದ ಅದನ್ನು ಬಿಡುವಿಲ್ಲದೆ ತಯಾರಿಸುತ್ತಿರಬೇಕು. ಕೋಶದ ಗಾತ್ರದ ಸುಮಾರು ಮೂರನೇ ಒಂದು ಪಾಲನ್ನು ಮೈಟೋಕಾಂಡ್ರಿಯಗಳೇ ತುಂಬಿಕೊಂಡಿರುವುದು ಇದಕ್ಕಾಗಿ. ಈ ತಯಾರಿ ಬಹುಪಾಲು ಆಮ್ಲಜನಕವನ್ನೇ ನೆಚ್ಚಿದೆ. ರಕ್ತನಾಳ ಕಟ್ಟಿಕೊಂಡು ಆಮ್ಲಜನಕ ತಪ್ಪಿದರೆ ಆ ಭಾಗದ ಕೋಶಗಳು ಬೇಗನೆ ಎಳೆಯುವುದನ್ನು ನಿಲ್ಲಿಸುತ್ತವೆ, ರಕ್ತ ಮರಳದಿದ್ದರೆ ಸಾಯುತ್ತವೆ. ಸತ್ತ ಕೋಶಗಳಿಂದ ಟ್ರೋಪೋನಿನ್ ರಕ್ತಕ್ಕೆ ಸೋರುತ್ತದೆ. ಎದೆನೋವೆಂದು ಆಸ್ಪತ್ರೆಗೆ ಹೋದವರ ರಕ್ತದಲ್ಲಿ ಟ್ರೋಪೋನಿನ್ ಪರೀಕ್ಷೆ ಮಾಡಿಸುವುದು ಅದಕ್ಕಾಗಿ.

ಯಂತ್ರದ ಭಾಗಗಳೇ ಹುಟ್ಟಿನಿಂದ ದೋಷವುಳ್ಳವಾಗಿರುವುದೂ ಉಂಟು. ಮಯೋಸಿನ್ ತಂತುವಿಗೆ ಅಂಟಿಕೊಂಡು ತಲೆಗಳನ್ನು ಹತೋಟಿಯಲ್ಲಿಡುವ ಒಂದು ಪ್ರೋಟೀನಿನ ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ರೂಪಾಂತರ ದಕ್ಷಿಣ ಏಷ್ಯಾದ ಜನರಲ್ಲಿ ಸುಮಾರು ನೂರಕ್ಕೆ ನಾಲ್ವರಲ್ಲಿದೆ, ಅದಕ್ಕೂ ಹೃದಯಸ್ನಾಯುವಿನ ಕಾಯಿಲೆಗೂ ನಂಟಿದೆ ಎಂದು 2009ರಲ್ಲಿ ಪ್ರಕಟವಾಯಿತು. ಈ ರೂಪಾಂತರ ಇರುವವರೆಲ್ಲರೂ ರೋಗಿಗಳಾಗುವುದಿಲ್ಲ. ಹೃದಯದ ಗೋಡೆ ಅತಿಯಾಗಿ ದಪ್ಪವಾಗುವ ಆನುವಂಶಿಕ ಕಾಯಿಲೆಯಲ್ಲಿ ಅಗತ್ಯಕ್ಕಿಂತ ಹೆಚ್ಚು ಮಯೋಸಿನ್ ತಲೆಗಳು ಆಕ್ಟಿನನ್ನು ಹಿಡಿಯುತ್ತವೆ, ಸಡಿಲಿಕೆ ಕೆಡುತ್ತದೆ. ಆ ತಲೆಗಳನ್ನೇ ನೇರವಾಗಿ ತಡೆಯುವ ಮೊದಲ ಔಷಧ ಮಾವಕ್ಯಾಮ್ಟೆನ್‌ಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು.