ಹಾಲು ತಂಪಿಸುವ ಯಂತ್ರ: ಲೈಸೆನ್ಸ್ ನೋಡಿ ಕೆಲಸ ಕೊಡಿ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಬೇಸಿಗೆಯಲ್ಲಿ ಕರೆದ ಹಾಲು ಬೇಗ ಹುಳಿಯಾಗುತ್ತದೆ. ಸಂಘದ ಬಿ.ಎಂ.ಸಿ. ಯಂತ್ರ ಅದನ್ನು 4 ಡಿಗ್ರಿಗೆ ಇಳಿಸಿದರೆ ಕೆಡದೆ ಡೇರಿ ಸೇರುತ್ತದೆ.

ಆದರೆ ಅಲ್ಲಿ ನೆಲ ಸದಾ ಒದ್ದೆ, ತೊಟ್ಟಿ ಉಕ್ಕಿನದು. ಅರ್ಥಿಂಗ್ ಸರಿಯಿಲ್ಲದಿದ್ದರೆ ಹಾಲು ಸುರಿಯುವವರ ಜೀವಕ್ಕೇ ಅಪಾಯ. ಆದ್ದರಿಂದ ಪರಿಚಯದವರೆಂದು ಯಾರಿಗೋ ವೈರಿಂಗ್ ಒಪ್ಪಿಸಬೇಡಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳಂತೆ, ಫ್ಯೂಸ್, ಸ್ವಿಚ್ ಬದಲಿಸುವಂಥ ಸಣ್ಣ ಕೆಲಸ ಬಿಟ್ಟು, ಹೊಸ ವೈರಿಂಗ್, ದುರಸ್ತಿಯನ್ನು ರಾಜ್ಯ ಸರ್ಕಾರದ ಲೈಸೆನ್ಸ್ ಪಡೆದ ವಿದ್ಯುತ್ ಗುತ್ತಿಗೆದಾರರೇ ಮಾಡಬೇಕು. ಗ್ಯಾಸ್, ಕಂಪ್ರೆಸರ್ ಕೆಲಸಕ್ಕೆ ಐ.ಟಿ.ಐ.ನಲ್ಲಿ ರೆಫ್ರಿಜರೇಷನ್ ಕಲಿತವರನ್ನು ಕರೆಯಿರಿ.

ಕೆಲಸ ಕೊಡುವ ಮುನ್ನ ಲೈಸೆನ್ಸ್ ಸಂಖ್ಯೆ, ಅವಧಿ ನೋಡಿ. ಒಂದು ಪ್ರತಿಯನ್ನು ಸಂಘದ ಕಡತದಲ್ಲಿಡಿ.