ಮೊದಲ ಕ್ರೂಸ್ ಪ್ರಯಾಣ: ಹಡಗಿನಲ್ಲಿ ವಾಂತಿ ಬರುವುದು ಹೊಟ್ಟೆಯಿಂದಲ್ಲ!

ಕಳೆದ ವರ್ಷ ಅಪ್ಪ-ಅಮ್ಮನನ್ನು ಮುಂಬೈಯಿಂದ ಹೊರಡುವ ಮೂರು ರಾತ್ರಿಯ ಕ್ರೂಸ್‌ಗೆ ಕರೆದುಕೊಂಡು ಹೋಗಿದ್ದೆ. ಮೂವರಿಗೂ ಅದೇ ಮೊದಲ ಹಡಗು ಪ್ರಯಾಣ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿ ಬಿಟ್ಟು ಕೂರದ ಅಮ್ಮನಿಗೆ ನಾನೇ ಧೈರ್ಯ ಹೇಳಿದ್ದೆ: "ಅಷ್ಟು ದೊಡ್ಡ ಹಡಗು ಅಮ್ಮಾ, ಅಲ್ಲಾಡೋದೇ ಗೊತ್ತಾಗಲ್ಲ." ಬ್ಯಾಗಿನಲ್ಲಿ ವಾಂತಿ ನಿಲ್ಲಿಸುವ ಮಾತ್ರೆಯೂ ಇತ್ತು.

ಎರಡನೇ ದಿನ ಸಂಜೆ ಗಾಳಿ ಜೋರಾಯಿತು. ಅಮ್ಮನ ಮುಖ ಬಿಳಿಚಿಕೊಂಡಿತು, ತಣ್ಣನೆಯ ಬೆವರು ಬಂತು, ಆಮೇಲೆ ವಾಂತಿ ಶುರುವಾಯಿತು. ನಾನು ಕೊಟ್ಟ ಮಾತ್ರೆಯೂ ವಾಂತಿಯಲ್ಲಿ ಹೊರಬಂತು. ರಾತ್ರಿ ಹಡಗಿನ ಕ್ಲಿನಿಕ್‌ಗೆ ಕರೆದುಕೊಂಡು ಹೋದಾಗ ಡಾಕ್ಟರ್ ಮೂರು ಪ್ರಶ್ನೆ ಕೇಳಿದರು. ಯಾವ ಮಾತ್ರೆ ಕೊಟ್ಟಿರಿ? ಕಣ್ಣಿನ ಒತ್ತಡದ ಕಾಯಿಲೆ ಇದೆಯಾ? ಭೇದಿ ಆಗಿದೆಯಾ?

ವಾಂತಿಗೂ ಕಣ್ಣಿಗೂ ಏನು ಸಂಬಂಧ ಎಂದು ಆಗ ನನಗೆ ಅರ್ಥವಾಗಲಿಲ್ಲ. ಊರಿಗೆ ಬಂದು ಓದಿದಾಗ ತಿಳಿಯಿತು: ಮೊದಲ ಸಲ ಕ್ರೂಸ್‌ಗೆ ಹೊರಡುವ ಎಲ್ಲರೂ ಈ ಮೂರು ಪ್ರಶ್ನೆಗಳನ್ನು ಮನೆಯಲ್ಲೇ ಕೇಳಿಕೊಳ್ಳಬೇಕು.

ಸಮಸ್ಯೆ ಇರುವುದು ಎಲ್ಲಿ?

"ಪಿತ್ತ ಜಾಸ್ತಿ ಆಗಿದೆ, ಅದಕ್ಕೇ ವಾಂತಿ" ಎನ್ನುವುದು ನಮ್ಮಲ್ಲಿ ಸಾಮಾನ್ಯ ಮಾತು. ಆದರೆ ಪ್ರಯಾಣದ ವಾಂತಿ ಶುರುವಾಗುವುದು ಹೊಟ್ಟೆಯಲ್ಲಲ್ಲ, ಒಳಕಿವಿಯಲ್ಲಿ.

ಗಾರೆ ಕೆಲಸದವರ ಬಳಿ ರಸಮಟ್ಟ ಇರುತ್ತದಲ್ಲ? ಅಂಥದ್ದೇ ಒಂದು ವ್ಯವಸ್ಥೆ ನಮ್ಮ ಕಿವಿಯೊಳಗಿದೆ. ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳು ತಲೆ ತಿರುಗುವುದನ್ನು ಗುರುತಿಸುತ್ತವೆ. ಪಕ್ಕದ ಎರಡು ಪುಟ್ಟ ಚೀಲಗಳಲ್ಲಿರುವ ಕ್ಯಾಲ್ಸಿಯಂ ಹರಳುಗಳು ಮೇಲೆ-ಕೆಳಗೆ, ಹಿಂದೆ-ಮುಂದೆ ಆಗುವ ಚಲನೆಯನ್ನು ತಿಳಿಸುತ್ತವೆ.

ನೀವು ಕ್ಯಾಬಿನ್‌ನಲ್ಲಿ ಕೂತಿದ್ದೀರಿ ಎಂದುಕೊಳ್ಳಿ. ಗೋಡೆ, ಮಂಚ, ಮೇಜು ಎಲ್ಲವೂ ನಿಮ್ಮ ಜೊತೆಗೇ ಅಲ್ಲಾಡುವುದರಿಂದ ಕಣ್ಣು "ಏನೂ ಅಲ್ಲಾಡುತ್ತಿಲ್ಲ" ಎನ್ನುತ್ತದೆ. ಕಿವಿ "ಅಲ್ಲಾಡುತ್ತಿದ್ದೇವೆ" ಎನ್ನುತ್ತದೆ. ಮಿದುಳಿಗೆ ಬರುವ ಈ ಎರಡು ವರದಿಗಳು ತಾಳೆಯಾಗದೇ ಇದ್ದಾಗ ಹೊಟ್ಟೆ ತೊಳಸುತ್ತದೆ ಎನ್ನುವುದು ಇಂದು ಹೆಚ್ಚು ಒಪ್ಪಿತವಾದ ವಿವರಣೆ.

ಕಿವಿಯ ಪಾತ್ರ ಎಷ್ಟು ದೊಡ್ಡದು ಎನ್ನುವುದಕ್ಕೆ ಒಂದು ಸ್ವಾರಸ್ಯಕರ ಪ್ರಯೋಗವಿದೆ. ಬಾಹ್ಯಾಕಾಶ ಯಾನದ ಆರಂಭದ ದಿನಗಳಲ್ಲಿ ನಾಸಾ ಮತ್ತು ಅಮೆರಿಕದ ನೌಕಾಪಡೆ, ಗ್ಯಾಲಡೆಟ್ ಕಾಲೇಜಿನ 11 ಮಂದಿ ಕಿವುಡರ ಮೇಲೆ ಅಧ್ಯಯನ ನಡೆಸಿದವು. ಅವರ ಒಳಕಿವಿಯ ಸಮತೋಲನ ವ್ಯವಸ್ಥೆಯೂ ಹಾನಿಗೊಂಡಿತ್ತು. ಕೆನಡಾದ ನೋವಾ ಸ್ಕೋಷಿಯಾ ಬಳಿ ಅಬ್ಬರದ ಅಲೆಗಳ ನಡುವೆ ಅವರನ್ನು ಹಡಗಿನಲ್ಲಿ ಕರೆದೊಯ್ದಾಗ ಅವರು ಆರಾಮಾಗಿ ಇಸ್ಪೀಟು ಆಡುತ್ತಿದ್ದರಂತೆ. ಪರೀಕ್ಷಿಸಬೇಕಿದ್ದ ಸಂಶೋಧಕರೇ ವಾಂತಿಯಿಂದ ಹೈರಾಣಾಗಿ ಪ್ರಯೋಗ ನಿಲ್ಲಿಸಬೇಕಾಯಿತು!

ಹಾಗಾಗಿ ಇದು ದೌರ್ಬಲ್ಯವೂ ಅಲ್ಲ, ನಾಟಕವೂ ಅಲ್ಲ. 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಪ್ರಪಂಚ ಸುತ್ತಿದ ಚಾರ್ಲ್ಸ್ ಡಾರ್ವಿನ್ ಕೂಡ ಸಮುದ್ರದ ಮೇಲೆ ಇದರಿಂದ ನರಳಿದವರೇ. 2ರಿಂದ 12 ವರ್ಷದ ಮಕ್ಕಳು, ಮಹಿಳೆಯರು ಮತ್ತು ಮೈಗ್ರೇನ್ ಇರುವವರಲ್ಲಿ ಈ ತೊಂದರೆ ಹೆಚ್ಚು.

ದೊಡ್ಡ ಹಡಗು ಅಲ್ಲಾಡುವುದಿಲ್ಲವೇ?

ಅಲ್ಲಾಡುತ್ತದೆ, ಆದರೆ ನಿಧಾನವಾಗಿ. ಹೊಟ್ಟೆ ತೊಳಸುವುದರಲ್ಲಿ ಅಂಥ ನಿಧಾನದ ತೂಗಾಟಕ್ಕೇ ಮೊದಲ ಸ್ಥಾನ. ಸುಮಾರು ಐದು ಸೆಕೆಂಡಿಗೊಮ್ಮೆ ಮೇಲೆದ್ದು ಕೆಳಗಿಳಿಯುವ ಚಲನೆ ಮನುಷ್ಯರನ್ನು ಅತಿ ಹೆಚ್ಚು ಕಾಡುತ್ತದೆ. ಹಡಗಿನ ಎರಡೂ ಬದಿಯಲ್ಲಿ ನೀರಿನೊಳಗೆ ಚಾಚುವ ಸ್ಟೆಬಿಲೈಸರ್ ರೆಕ್ಕೆಗಳು ಎಡ-ಬಲ ವಾಲುವುದನ್ನು ತಗ್ಗಿಸುತ್ತವೆ. ಆದರೆ ಹಡಗಿನ ಮೂತಿ ಏಳುವುದು, ಇಳಿಯುವುದು ಅವುಗಳಿಂದ ನಿಲ್ಲುವುದಿಲ್ಲ.

ಬಸ್ಸಿನ ಹಿಂದಿನ ಸೀಟಿಗೂ ನಡುವಿನ ಸೀಟಿಗೂ ಇರುವ ವ್ಯತ್ಯಾಸ ನಿಮಗೆ ಗೊತ್ತಿರುತ್ತದೆ. ಹಡಗಿನಲ್ಲೂ ಅದೇ ಲೆಕ್ಕ: ಮಧ್ಯಭಾಗದ, ಕೆಳ ಅಂತಸ್ತಿನ ಕ್ಯಾಬಿನ್‌ನಲ್ಲಿ ಅಲುಗಾಟ ಕಡಿಮೆ. ನಾನು ಸಮುದ್ರ ಚೆನ್ನಾಗಿ ಕಾಣಲಿ ಎಂದು ಮೇಲಿನ ಅಂತಸ್ತಿನಲ್ಲಿ, ಮೂತಿಯ ಕಡೆಗೆ ಕ್ಯಾಬಿನ್ ಹಿಡಿದಿದ್ದೆ! ಕಾಲವನ್ನೂ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನಿಂದಾಗಿ ಅರಬ್ಬಿ ಸಮುದ್ರ ಅಬ್ಬರಿಸುತ್ತಿರುತ್ತದೆ.

ಯಾವ ಮಾತ್ರೆ, ಯಾವಾಗ?

ನಾನು ಕೊಟ್ಟಿದ್ದು ಆಂಡನ್‌ಸೆಟ್ರಾನ್. ಹೊಟ್ಟೆಯ ಸೋಂಕಿನ ವಾಂತಿಗೆ, ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಇದು ಒಳ್ಳೆಯ ಔಷಧ. ಪ್ರಯಾಣದ ವಾಂತಿಯನ್ನು ಇದು ತಡೆಯುವುದಿಲ್ಲ. ಅಲರ್ಜಿಗೆ ಕೊಡುವ, ಹೆಚ್ಚು ನಿದ್ದೆ ಬರಿಸದ ಸೆಟಿರಿಜಿನ್‌ನಂಥ ಮಾತ್ರೆಗಳೂ ಇದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಕೆಲಸ ಮಾಡುವುದು ಮಿದುಳನ್ನು ತಲುಪುವ ಔಷಧಗಳು: ಪ್ರೊಮೆಥಜಿನ್ (ನಮ್ಮಲ್ಲಿ ಅವೊಮಿನ್ ಹೆಸರಿನಲ್ಲಿ ಸಿಗುತ್ತದೆ), ಮೆಕ್ಲಿಜಿನ್, ಡೈಮೆನ್‌ಹೈಡ್ರಿನೇಟ್. ಕೆಲವು ದೇಶಗಳಲ್ಲಿ ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮಿನ್ ಪಟ್ಟಿಯೂ ಬಳಕೆಯಲ್ಲಿದೆ.

ಇವನ್ನು ತೊಂದರೆ ಶುರುವಾಗುವ ಮೊದಲೇ ತೆಗೆದುಕೊಳ್ಳಬೇಕು. ವಾಕರಿಕೆ ಬಂದ ಮೇಲೆ ಜಠರದ ಚಲನೆ ನಿಧಾನವಾಗುತ್ತದೆ. ಆಗ ನುಂಗಿದ ಮಾತ್ರೆ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ.

ಇನ್ನು ಡಾಕ್ಟರ್ ಕೇಳಿದ ಕಣ್ಣಿನ ಪ್ರಶ್ನೆ. ಈ ಔಷಧಗಳು ಕೆಲವು ಬಗೆಯ ಗ್ಲಾಕೋಮಾ ಇರುವವರಲ್ಲಿ ಕಣ್ಣಿನ ಒತ್ತಡ ಏರಿಸಬಹುದು. ಪ್ರಾಸ್ಟೇಟ್ ಊದಿಕೊಂಡಿರುವ ಗಂಡಸರಿಗೆ ಮೂತ್ರ ಕಟ್ಟಬಹುದು. ವಯಸ್ಸಾದವರಿಗೆ ಮಂಪರು, ಗೊಂದಲ ಉಂಟಾಗಿ ಅಲ್ಲಾಡುವ ಹಡಗಿನಲ್ಲಿ ಬೀಳುವ ಅಪಾಯವಿದೆ. ಜೊತೆಗೆ ಮದ್ಯ ಸೇರಿದರೆ ಮಂಪರು ಇನ್ನೂ ಹೆಚ್ಚು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜಿನ್ ಕೊಡಲೇಬಾರದು, ಉಸಿರಾಟಕ್ಕೇ ತೊಂದರೆಯಾದೀತು. ಹಾಗಾಗಿ ಅಂಗಡಿಯಿಂದ ನೇರವಾಗಿ ತರುವ ಬದಲು ನಿಮ್ಮ ಡಾಕ್ಟರನ್ನು ಕೇಳಿ, ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿ ತೋರಿಸಿ.

ಮನೆಮದ್ದುಗಳ ಕಥೆ ಏನು?

"ಏನೂ ತಿನ್ನಬೇಡ": ತಪ್ಪು. ಖಾಲಿ ಹೊಟ್ಟೆಯಿಂದ ಅನುಕೂಲವಿಲ್ಲ. ಎಣ್ಣೆ, ಮಸಾಲೆ ಇಲ್ಲದ ಇಡ್ಲಿ, ಬಿಸ್ಕತ್ತಿನಂಥದ್ದನ್ನು ಸ್ವಲ್ಪ ಸ್ವಲ್ಪವೇ ತಿನ್ನಿ.

ಶುಂಠಿ: ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಕೆಲವರಿಗೆ ಹಿತ ಎನಿಸಬಹುದು. ಮಾತ್ರೆಗೆ ಬದಲಿ ಎಂದು ನಂಬಬೇಡಿ.

ನಿಂಬೆಹಣ್ಣು ಮೂಸುವುದು: ಡೀಸೆಲ್, ಅಡುಗೆಯ ವಾಸನೆಯಿಂದ ಬಿಡುಗಡೆ ಸಿಗಬಹುದು. ಕಿವಿ-ಕಣ್ಣಿನ ಜಗಳ ನಿಲ್ಲುವುದಿಲ್ಲ.

ದೂರದ ದಿಗಂತ ನೋಡುವುದು: ಇದು ನಿಜ! ದಿಗಂತ ನೋಡಿದಾಗ ಹಡಗು ಅಲ್ಲಾಡುವುದು ಕಣ್ಣಿಗೂ ಕಾಣುವುದರಿಂದ ಕಿವಿಯ ವರದಿಗೆ ಅದು ತಾಳೆಯಾಗುತ್ತದೆ. ಮೊಬೈಲ್ ನೋಡುವುದು, ಓದುವುದು ಇದಕ್ಕೆ ತದ್ವಿರುದ್ಧ.

ಹೆಚ್ಚಿನವರ ಮಿದುಳು ಎರಡು-ಮೂರು ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಕೆಲವರಿಗೆ ದಡಕ್ಕಿಳಿದ ಮೇಲೂ ನೆಲ ತೂಗಿದಂತೆ ಭಾಸವಾಗುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಅದು ಹೋಗುತ್ತದೆ. ವಾರಗಟ್ಟಲೆ ಉಳಿದರೆ ಡಾಕ್ಟರಿಗೆ ತೋರಿಸಿ.

ಭೇದಿ ಆಗಿದೆಯಾ?

ಮೂರರಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಭೇದಿ, ಹೊಟ್ಟೆ ನುಲಿತ, ಜ್ವರ ಜೊತೆಗಿದ್ದರೆ ಅದು ಸಮುದ್ರದ ತೊಂದರೆಯಲ್ಲ, ಬಹುಶಃ ನೊರೊವೈರಸ್‌ನಂಥ ಸೋಂಕು. ಸಮುದ್ರದ ವಾಂತಿ ಪಕ್ಕದವರಿಗೆ ಹರಡುವುದಿಲ್ಲ. ಇದು ಹರಡುತ್ತದೆ. ಸೋಂಕು ತಗಲಿದ 12ರಿಂದ 48 ಗಂಟೆಗಳಲ್ಲಿ ಲಕ್ಷಣ ಕಾಣಿಸಿಕೊಳ್ಳುತ್ತದೆ. ಇದು ಹಡಗಿಗಷ್ಟೇ ಸೀಮಿತವಾದ ಕಾಯಿಲೆಯೂ ಅಲ್ಲ. ಆದರೆ ಒಂದೇ ಊಟದ ಹಾಲ್, ಅವೇ ಕೈಪಿಡಿಗಳನ್ನು ನೂರಾರು ಜನ ಬಳಸುವಲ್ಲಿ ಬೇಗ ಹಬ್ಬುತ್ತದೆ.

ಊಟದ ಹಾಲ್‌ನ ಬಾಗಿಲಲ್ಲಿಟ್ಟ ಸ್ಯಾನಿಟೈಸರ್ ಸಾಕು ಎಂದುಕೊಳ್ಳಬೇಡಿ. ಆಲ್ಕೋಹಾಲ್ ಸ್ಯಾನಿಟೈಸರ್ ಈ ವೈರಸ್ ಮೇಲೆ ಅಷ್ಟಾಗಿ ಪರಿಣಾಮ ಬೀರುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡ್ ಕೈ ತೊಳೆಯಬೇಕು. ರೂಮಿನಲ್ಲೇ ಇರಲು ಹೇಳುತ್ತಾರೆ ಎಂದು ಹೆದರಿ ಭೇದಿಯನ್ನು ಮುಚ್ಚಿಡಬೇಡಿ. ನಿರ್ಜಲೀಕರಣ ವಯಸ್ಸಾದವರಿಗೂ ಮಕ್ಕಳಿಗೂ ಬೇಗ ಅಪಾಯ ತರುತ್ತದೆ. ಒಆರ್‌ಎಸ್ ಪುಡಿ ಬ್ಯಾಗಿನಲ್ಲಿರಲಿ. ಮೂತ್ರ ಕಡಿಮೆಯಾದರೆ, ಗುಟುಕು ನೀರೂ ನಿಲ್ಲದಿದ್ದರೆ ತಡಮಾಡದೆ ಕ್ಲಿನಿಕ್‌ಗೆ ಹೋಗಿ.

ಅಮ್ಮನಿಗೆ ಭೇದಿ ಇರಲಿಲ್ಲ, ಗ್ಲಾಕೋಮಾ ಕೂಡ ಇರಲಿಲ್ಲ. ಒಂದು ಇಂಜೆಕ್ಷನ್ ಕೊಟ್ಟರು. ರಾತ್ರಿಯಿಡೀ ಮಲಗಿದರು. ಬೆಳಿಗ್ಗೆ ನಡುವಿನ ಡೆಕ್‌ನಲ್ಲಿ ಕುರ್ಚಿ ಹಾಕಿಕೊಂಡು ದಿಗಂತ ನೋಡುತ್ತಾ ಎರಡು ಇಡ್ಲಿ ತಿಂದರು. "ಮುಂದಿನ ಸಲ ಮೊದಲು ಡಾಕ್ಟರನ್ನು ಕೇಳು, ಆಮೇಲೆ ಟಿಕೆಟ್ ಮಾಡಿಸು" ಎಂದರು. ಮುಂದಿನ ಸಲ ಎಂದರಲ್ಲ, ಅಷ್ಟಕ್ಕೇ ನನಗೆ ಸಮಾಧಾನವಾಯಿತು.